ವಿಯೆನ್ನಾದ ಅರಮನೆಗಳು ಈಗ ಯಾರ ಸ್ವತ್ತು? ಹ್ಯಾಬ್ಸ್‌ಬರ್ಗ್ ವಂಶದ ಬಗ್ಗೆ ಮೂರು ಸಂದೇಹಗಳು

ಪ್ರಶ್ನೆ: ಹಳೆನಕಾಶೆ

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್‌ನಲ್ಲಿ ನಾಲ್ಕು ದಿನ ವಿಯೆನ್ನಾದಲ್ಲಿ ಉಳಿಯುವ ಅವಕಾಶ ಒದಗಿದೆ. ಊರು ನೋಡುವ ಮೊದಲು ಅದನ್ನು ಕಟ್ಟಿಸಿದವರ ಬಗ್ಗೆ ತಕ್ಕಮಟ್ಟಿಗಾದರೂ ತಿಳಿದುಕೊಳ್ಳೋಣವೆಂದು ಓದಲು ಕುಳಿತೆ. ಓದಿದಷ್ಟೂ ಸಂದೇಹಗಳು ಹೆಚ್ಚಾದ ಕಾರಣ ಇಲ್ಲಿ ಕೇಳುತ್ತಿದ್ದೇನೆ.

ನನಗೆ ಅರ್ಥವಾಗಿರುವಷ್ಟನ್ನು ಮೊದಲು ಹೇಳಿಬಿಡುತ್ತೇನೆ. ತಪ್ಪಿದ್ದರೆ ದಯವಿಟ್ಟು ತಿದ್ದಿ. 976ರಿಂದ 1246ರವರೆಗೆ ಆಸ್ಟ್ರಿಯಾವನ್ನು ಆಳಿದವರು ಬಾಬೆನ್‌ಬರ್ಗ್ ಮನೆತನದವರು. ಗಂಡು ಸಂತಾನವಿಲ್ಲದೆ ಆ ವಂಶ ನಿಂತುಹೋದ ಮೇಲೆ ಬೊಹೀಮಿಯಾದ ಒಟ್ಟೊಕಾರ್ ಆ ಸೀಮೆಯನ್ನು ಹಿಡಿದುಕೊಂಡ. ಈಗಿನ ಸ್ವಿಟ್ಜರ್‌ಲೆಂಡ್ ಕಡೆಯಿಂದ ಬಂದ ರುಡಾಲ್ಫ್ ಎಂಬ ಕೌಂಟ್ 1273ರಲ್ಲಿ ಜರ್ಮನಿಯ ರಾಜನಾಗಿ ಆಯ್ಕೆಯಾಗಿ, 1278ರ ಯುದ್ಧದಲ್ಲಿ ಒಟ್ಟೊಕಾರನನ್ನು ಸೋಲಿಸಿ, 1282ರಲ್ಲಿ ಆಸ್ಟ್ರಿಯಾವನ್ನು ತನ್ನ ಗಂಡುಮಕ್ಕಳ ಹೆಸರಿಗೆ ಮಾಡಿದ. ಅಲ್ಲಿಂದ 1918ರವರೆಗೆ, ಅಂದರೆ 636 ವರ್ಷ, ಆಸ್ಟ್ರಿಯಾ ಒಂದೇ ಮನೆತನದ ಕೈಯಲ್ಲಿತ್ತು ಎಂದು ಪುಸ್ತಕಗಳು ಹೇಳುತ್ತವೆ.

ನನ್ನ ಮೊದಲ ಸಂದೇಹ ಆಸ್ತಿಗೆ ಸಂಬಂಧಿಸಿದ್ದು. ಈ ದೇಶ 1918ರಲ್ಲಿ ಗಣರಾಜ್ಯವಾಯಿತು, ಅರಸರನ್ನು ಹೊರಹಾಕಿತು, ಹೆಸರಿನ ಮುಂದೆ ಕುಲೀನತೆಯ ಗುರುತಾದ 'ಫೊನ್' ಎಂದು ಬರೆದುಕೊಳ್ಳುವುದನ್ನೂ ಕಾನೂನಿನಿಂದ ನಿಷೇಧಿಸಿತು. ಹೀಗಿದ್ದೂ ಊರಿನ ನಕಾಶೆ ಬಿಡಿಸಿದರೆ ನಡುಮಧ್ಯದಲ್ಲಿ ಹೋಫ್‌ಬುರ್ಗ್ ಅರಮನೆ, ಹೊರವಲಯದಲ್ಲಿ ಷೋನ್‌ಬ್ರುನ್ ಅರಮನೆ, ಎತ್ತ ನೋಡಿದರೂ ಚಕ್ರವರ್ತಿಗಳ ಪ್ರತಿಮೆಗಳು. ಇವುಗಳ ಒಡೆತನ ಈಗ ಯಾರದು? ಆ ಕುಟುಂಬಕ್ಕೆ ಏನಾದರೂ ಪಾಲು ಉಳಿದಿದೆಯೇ?

ಎರಡನೆಯದು ವಂಶಾವಳಿಯ ಪ್ರಶ್ನೆ. 1740ರಲ್ಲಿ ಆರನೆಯ ಕಾರ್ಲ್ ಗಂಡುಮಕ್ಕಳಿಲ್ಲದೆ ತೀರಿಕೊಂಡು ಮಗಳು ಮರಿಯಾ ತೆರೇಸಾ ಪಟ್ಟಕ್ಕೆ ಬಂದಳು ಎಂದಾದರೆ, ಆಕೆಯ ಮಕ್ಕಳು ತಂದೆಯ ವಂಶಕ್ಕೆ ಸೇರಬೇಕಲ್ಲವೇ? ಅವರನ್ನು ಹ್ಯಾಬ್ಸ್‌ಬರ್ಗ್ ಎನ್ನುವುದು ಹೇಗೆ ಸರಿ?

ಮೂರನೆಯದು ಸಲಹೆಯ ರೂಪದ್ದು. ಚಿನ್ನದ ಲೇಪದ ಕೋಣೆಗಳನ್ನು ಸಾಲಾಗಿ ನೋಡುತ್ತಾ ಹೋದರೆ ಹತ್ತನೆಯ ಕೋಣೆಯ ಹೊತ್ತಿಗೆ ಕಣ್ಣು ಸೋತುಹೋಗುತ್ತದೆ ಎಂಬುದು ನನ್ನ ಹಿಂದಿನ ಅನುಭವ. ಈ ಮನೆತನದ ಸ್ವಭಾವವೇ ಅರ್ಥವಾಗಬೇಕೆಂದರೆ ವಿಯೆನ್ನಾದಲ್ಲಿ ನೋಡಲೇಬೇಕಾದ ಒಂದು ಜಾಗ ಯಾವುದು?

ಉತ್ತರ 1: ಕಡತಪ್ರಿಯ

ಹಳೆನಕಾಶೆಯವರೇ, ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು: ಹೋಫ್‌ಬುರ್ಗ್, ಷೋನ್‌ಬ್ರುನ್ ಎರಡೂ ಆಸ್ಟ್ರಿಯಾ ಗಣರಾಜ್ಯದ ಸ್ವತ್ತು, ಕುಟುಂಬಕ್ಕೆ ಅವುಗಳಲ್ಲಿ ಬಿಡಿಗಾಸಿನ ಪಾಲೂ ಇಲ್ಲ. ಆದರೆ ಅದು ಹಾಗಾದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೊನೆಯ ಚಕ್ರವರ್ತಿ ಪದತ್ಯಾಗ ಮಾಡಿದ ಎಂದು ಎಲ್ಲರೂ ಬರೆಯುತ್ತಾರೆ. ಆತ ಸಹಿ ಹಾಕಿದ ಕಾಗದದಲ್ಲಿ ಆ ಪದವೇ ಇಲ್ಲ.

1918ರ ನವೆಂಬರ್ 11ರಂದು ಷೋನ್‌ಬ್ರುನ್ ಅರಮನೆಯ ನೀಲಿ ಚೀನೀ ಕೋಣೆಯಲ್ಲಿ ಮೊದಲನೆಯ ಕಾರ್ಲ್ ಒಂದು ಘೋಷಣೆಗೆ ಸಹಿ ಹಾಕಿದ; ಅದೂ ಪೆನ್ಸಿಲಿನಲ್ಲಿ. ರಾಜ್ಯದ ಆಡಳಿತದಲ್ಲಿ ತಾನು ಇನ್ನು ಭಾಗವಹಿಸುವುದಿಲ್ಲ ಎಂದಷ್ಟೇ ಅದರಲ್ಲಿತ್ತು. ಮರುದಿನ ಗಣರಾಜ್ಯ ಘೋಷಣೆಯಾಯಿತು. ಕಾರ್ಲ್ ಕೆಲವು ತಿಂಗಳು ಎಕಾರ್ಟ್ಸಾವ್ ಎಂಬಲ್ಲಿನ ಬೇಟೆಯ ಅರಮನೆಯಲ್ಲಿದ್ದು, 1919ರ ಮಾರ್ಚ್‌ನಲ್ಲಿ ಸ್ವಿಟ್ಜರ್‌ಲೆಂಡ್‌ಗೆ ಹೊರಟ. ಗಡಿ ದಾಟುವ ಮೊದಲು ಫೆಲ್ಡ್‌ಕಿರ್ಷ್ ಊರಿನಿಂದ ಇನ್ನೊಂದು ಘೋಷಣೆ ಹೊರಡಿಸಿ, ನವೆಂಬರ್‌ನಿಂದ ಈಚೆಗೆ ನಡೆದದ್ದೆಲ್ಲ ತನ್ನ ಮಟ್ಟಿಗೆ ಅಸಿಂಧು ಎಂದು ತಿಳಿಸಿದ. ಈ ಎರಡನೆಯ ಕಾಗದದಿಂದ ಅವನಿಗೆ ಏನೂ ಗಿಟ್ಟಲಿಲ್ಲ. ಹೊಸ ಸರ್ಕಾರಕ್ಕೆ ಮಾತ್ರ ಬೇಕಾಗಿದ್ದ ನೆಪ ಕೈಗೆ ಸಿಕ್ಕಿತು. ಹತ್ತು ದಿನ ಕಳೆಯುವಷ್ಟರಲ್ಲಿ, 1919ರ ಏಪ್ರಿಲ್ 3ರಂದು, ಹ್ಯಾಬ್ಸ್‌ಬರ್ಗ್ ಕಾನೂನು ಬಂತು.

ಆ ಕಾನೂನು ಮನೆತನದ ಎಲ್ಲ ರಾಜಹಕ್ಕುಗಳನ್ನು ರದ್ದುಮಾಡಿತು. ಕುಟುಂಬದ ಸದಸ್ಯತ್ವವನ್ನೂ ಅಧಿಕಾರದ ಮೇಲಿನ ಹಕ್ಕುದಾರಿಕೆಯನ್ನೂ ಬಿಟ್ಟುಕೊಟ್ಟು ಗಣರಾಜ್ಯದ ನಿಷ್ಠಾವಂತ ಪ್ರಜೆಯೆಂದು ಬರೆದುಕೊಡದವರನ್ನು ಗಡೀಪಾರು ಮಾಡಿತು. ಕಾರ್ಲ್‌ಗೆ ಮಾತ್ರ ಆ ಆಯ್ಕೆಯೂ ಇರಲಿಲ್ಲ. ಆಸ್ತಿಯ ವಿಷಯದಲ್ಲಿ ಅದು ಮಾಡಿದ ವಿಂಗಡಣೆಯೇ ನಿಮ್ಮ ಪ್ರಶ್ನೆಗೆ ಉತ್ತರ: ಆಸ್ಥಾನಕ್ಕೆ ಸೇರಿದ್ದನ್ನೂ, ವಂಶಪಾರಂಪರ್ಯವಾಗಿ ಮಾರಲಾಗದಂತೆ ಕಟ್ಟಿಟ್ಟಿದ್ದ ಕುಟುಂಬದ ನಿಧಿಗಳನ್ನೂ ಮುಟ್ಟುಗೋಲು ಹಾಕಿಕೊಂಡು, ವ್ಯಕ್ತಿಯೊಬ್ಬರ ಸ್ವಂತ ಆಸ್ತಿ ಎಂದು ರುಜುವಾತಾದದ್ದನ್ನು ಬಿಟ್ಟುಕೊಟ್ಟಿತು. ಮುಟ್ಟುಗೋಲಿನಿಂದ ಬಂದ ಆದಾಯದಲ್ಲಿ ಮಿಕ್ಕಿದ್ದು ಯುದ್ಧದಲ್ಲಿ ಅಂಗವಿಕಲರಾದವರಿಗೂ ಮಡಿದವರ ಕುಟುಂಬಗಳಿಗೂ ಸಲ್ಲಬೇಕೆಂದು ಅದರಲ್ಲೇ ಬರೆಯಲಾಗಿತ್ತು. ನೀವು ಹೇಳಿದ 'ಫೊನ್' ನಿಷೇಧ ಬೇರೆಯೇ ಕಾನೂನು. ಆದರೆ ಅದೂ ಅದೇ ದಿನ ಅಂಗೀಕಾರವಾಯಿತು. ಬಿರುದು ಬಳಸಿದವರಿಗೆ 20,000 ಕ್ರೋನ್ ದಂಡ ಎಂದು ಅದರಲ್ಲಿದೆ. ಆ ನಾಣ್ಯವೇ ಚಲಾವಣೆಯಿಂದ ಹೋಗಿ ಸುಮಾರು ನೂರು ವರ್ಷವಾಯಿತು.

1935ರಲ್ಲಿ ಅಂದಿನ ಸರ್ವಾಧಿಕಾರಿ ಸರ್ಕಾರ ಗಡೀಪಾರನ್ನು ರದ್ದುಮಾಡಿ ಆಸ್ತಿಯ ಒಂದು ಭಾಗವನ್ನು ಹಿಂದಿರುಗಿಸಲು ಮುಂದಾಯಿತು. ನಾಜಿಗಳು ಬಂದ ಮೇಲೆ ಅದನ್ನು ಮತ್ತೆ ಕಿತ್ತುಕೊಂಡರು. ಎರಡನೆಯ ಮಹಾಯುದ್ಧದ ನಂತರ ಹ್ಯಾಬ್ಸ್‌ಬರ್ಗ್ ಕಾನೂನು ಮರಳಿ ಜಾರಿಗೆ ಬಂತು. 1955ರ ಮೇ 15ರಂದು ನಾಲ್ಕು ವಿಜೇತ ರಾಷ್ಟ್ರಗಳೊಡನೆ ಆಸ್ಟ್ರಿಯಾ ಮಾಡಿಕೊಂಡ ಒಪ್ಪಂದದ 10ನೆಯ ವಿಧಿ, ಈ ಕಾನೂನನ್ನು ಉಳಿಸಿಕೊಳ್ಳಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಆ ಒಪ್ಪಂದಕ್ಕೆ ಸಹಿ ಬಿದ್ದದ್ದು ಬೆಲ್ವೆಡೇರ್ ಅರಮನೆಯಲ್ಲಿ; ಸರಯೇವೊದಲ್ಲಿ ಕೊಲೆಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್ ವಾಸವಾಗಿದ್ದದ್ದೂ ಅಲ್ಲಿಯೇ.

ಕಾರ್ಲನ ಹಿರಿಯ ಮಗ ಒಟ್ಟೊ 1961ರಲ್ಲಿ ಹಕ್ಕುತ್ಯಾಗದ ಪತ್ರ ಬರೆದುಕೊಟ್ಟರೂ ಸರ್ಕಾರ ಒಪ್ಪಲಿಲ್ಲ. 1963ರಲ್ಲಿ ಆಡಳಿತ ನ್ಯಾಯಾಲಯ ಆ ಪತ್ರ ಸಾಕೆಂದು ತೀರ್ಪಿತ್ತಾಗ ದೊಡ್ಡ ರಾಜಕೀಯ ಬಿಕ್ಕಟ್ಟೇ ಎದ್ದಿತು. ಆತ ತಾಯ್ನಾಡಿಗೆ ಕಾಲಿಟ್ಟದ್ದು 1966ರ ಅಕ್ಟೋಬರ್ 31ರಂದು. ಆಳಿದ ಮನೆತನದವರು ರಾಷ್ಟ್ರಾಧ್ಯಕ್ಷ ಚುನಾವಣೆಗೆ ನಿಲ್ಲಬಾರದೆಂಬ ನಿರ್ಬಂಧವಂತೂ 2011ರವರೆಗೆ ಇತ್ತು.

ಇನ್ನು ಅರಮನೆಯ ಈಗಿನ ಬಳಕೆ. ಹೋಫ್‌ಬುರ್ಗ್‌ನ ಲಿಯೋಪೋಲ್ಡ್ ಪಾರ್ಶ್ವದಲ್ಲಿ 1946ರಿಂದ ರಾಷ್ಟ್ರಾಧ್ಯಕ್ಷರ ಕಚೇರಿ ಇದೆ. ಹೊಸ ಸರ್ಕಾರದ ಮಂತ್ರಿಗಳು ಪ್ರಮಾಣವಚನ ಸ್ವೀಕರಿಸುವ ಕೋಣೆ ಒಂದು ಕಾಲಕ್ಕೆ ಮರಿಯಾ ತೆರೇಸಾಳ ಶಯನಾಗಾರವಾಗಿತ್ತು. ಗೋಡೆಯ ಮೇಲೆ ಆಕೆಯ ದೊಡ್ಡ ಭಾವಚಿತ್ರವಿದೆ. ಅರಸೊತ್ತಿಗೆಯನ್ನೇ ತೆಗೆದುಹಾಕಿದ ಪಕ್ಷದವರೂ ಆ ಚಿತ್ರದ ಕೆಳಗೆ ನಿಂತು ಸಂವಿಧಾನದ ಮೇಲೆ ಪ್ರಮಾಣ ಮಾಡುತ್ತಾರೆ. ಅದನ್ನು ದೂರದರ್ಶನದಲ್ಲಿ ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಅವರಿಗೆ ಬಂದಂತೆ ಕಾಣುವುದಿಲ್ಲ. 1,441 ಕೋಣೆಗಳ ಷೋನ್‌ಬ್ರುನ್‌ನ ಮೇಲಂತಸ್ತುಗಳಲ್ಲಿ ಬಾಡಿಗೆ ಮನೆಗಳಿವೆ ಎಂಬುದು ಇನ್ನೂ ಅನೇಕರಿಗೆ ತಿಳಿದಿಲ್ಲ. ಕೆಳಗೆ ಪ್ರವಾಸಿಗರು ಚಕ್ರವರ್ತಿಯ ಮಂಚ ನೋಡುತ್ತಿರುವಾಗ ಮೇಲೆ ಯಾರೋ ಬಟ್ಟೆ ಒಣಹಾಕುತ್ತಿರಬಹುದು.

ಉತ್ತರ 2: ಮನೆಅಳಿಯ

ಎರಡನೆಯ ಪ್ರಶ್ನೆಗೆ ಉತ್ತರಿಸುವ ಹೊಣೆ ನನ್ನದಾಗಲಿ; ಈ ಅಡ್ಡಹೆಸರು ಇಟ್ಟುಕೊಂಡು ಸುಮ್ಮನಿರುವುದು ಸರಿಯಲ್ಲ.

ನಿಮ್ಮ ಸಂದೇಹ ನ್ಯಾಯವಾದದ್ದು. ಗಂಡು ಸಂತತಿಯ ಲೆಕ್ಕದಲ್ಲಿ ಹ್ಯಾಬ್ಸ್‌ಬರ್ಗ್ ವಂಶ 1740ರ ಅಕ್ಟೋಬರ್ 20ರಂದು ಆರನೆಯ ಕಾರ್ಲ್‌ನೊಂದಿಗೆ ಮುಗಿಯಿತು. ಹೀಗಾಗಬಹುದೆಂಬ ಆತಂಕದಿಂದಲೇ ಆತ 1713ರಲ್ಲಿ, ಮರಿಯಾ ತೆರೇಸಾ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲೇ, ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್ ಎಂಬ ಶಾಸನ ಹೊರಡಿಸಿದ್ದ. ಮನೆತನದ ಸೀಮೆಗಳು ಎಂದೂ ಪಾಲಾಗಬಾರದು, ಗಂಡುಮಕ್ಕಳಿಲ್ಲದಿದ್ದರೆ ತನ್ನ ಹೆಣ್ಣುಮಕ್ಕಳಿಗೆ ಬರಬೇಕು ಎಂಬುದು ಅದರ ತಿರುಳು. ಉಳಿದ ಆಯುಷ್ಯವನ್ನೆಲ್ಲ ಆತ ಯುರೋಪಿನ ಒಂದೊಂದು ಆಸ್ಥಾನದಿಂದಲೂ ಅದಕ್ಕೆ ಒಪ್ಪಿಗೆಯ ಮುದ್ರೆ ಹಾಕಿಸಿಕೊಳ್ಳುವುದರಲ್ಲಿ ಕಳೆದ. ಸತ್ತ ಎರಡು ತಿಂಗಳೊಳಗೆ ಪ್ರಷ್ಯಾದ ಎರಡನೆಯ ಫ್ರೆಡ್ರಿಕ್ ಸೈಲೀಸಿಯಾಕ್ಕೆ ಸೈನ್ಯ ನುಗ್ಗಿಸಿದ. ಎಂಟು ವರ್ಷ ನಡೆದ ಆ ಉತ್ತರಾಧಿಕಾರ ಯುದ್ಧದಲ್ಲಿ ಮರಿಯಾ ತೆರೇಸಾ ಸೈಲೀಸಿಯಾದ ಬಹುಭಾಗವನ್ನು ಕಳೆದುಕೊಂಡಳು. ಉಳಿದದ್ದರಲ್ಲಿ ಹೆಚ್ಚಿನದನ್ನು ಉಳಿಸಿಕೊಂಡಳು.

ಆಕೆಯ ಗಂಡ ಲೊರೇನ್‌ನ ಡ್ಯೂಕ್ ಫ್ರಾನ್ಸ್ ಸ್ಟೀಫನ್. 1736ರ ಫೆಬ್ರವರಿಯಲ್ಲಿ ಹೋಫ್‌ಬುರ್ಗ್‌ಗೆ ಅಂಟಿಕೊಂಡಿರುವ ಆಗಸ್ಟಿನಿಯನ್ ಚರ್ಚಿನಲ್ಲಿ ಇವರ ಮದುವೆ ನಡೆಯಿತು. ಈ ಮದುವೆಗೆ ಆತ ತೆತ್ತ ಬೆಲೆ ತನ್ನ ತಂದೆತಾತಂದಿರ ಲೊರೇನ್ ಸೀಮೆಯೇ. ಹ್ಯಾಬ್ಸ್‌ಬರ್ಗ್ ಉತ್ತರಾಧಿಕಾರಿಣಿಯ ಗಂಡನೊಬ್ಬ ತನ್ನ ಗಡಿಯ ಪಕ್ಕದಲ್ಲಿ ನೆಲೆಗೊಳ್ಳುವುದನ್ನು ಫ್ರಾನ್ಸ್ ಒಪ್ಪಲಿಲ್ಲ. ಬದಲಿಗೆ ದೂರದ ಟಸ್ಕನಿ ಸಿಕ್ಕಿತು. ಹುಟ್ಟಿದ ನಾಡನ್ನು ಬಿಟ್ಟುಕೊಟ್ಟು ಮಾವನ ಮನೆಗೆ ಬಂದವನು ಮನೆ ಅಳಿಯನಲ್ಲದೆ ಮತ್ತೇನು? 1745ರಲ್ಲಿ ಆತ ಪವಿತ್ರ ರೋಮನ್ ಚಕ್ರವರ್ತಿಯಾಗಿ ಚುನಾಯಿತನಾದರೂ ಆಳಿದವಳು ಹೆಂಡತಿಯೇ. ಇವರ ಹದಿನಾರು ಮಕ್ಕಳಿಂದ ಮುಂದುವರಿದ ಮನೆತನದ ಹೆಸರು ಶಾಸ್ತ್ರಪ್ರಕಾರ ಹ್ಯಾಬ್ಸ್‌ಬರ್ಗ್-ಲೊರೇನ್. ಬಳಕೆಯಲ್ಲಿ ಎರಡನೆಯ ಭಾಗ ಬಿದ್ದುಹೋಯಿತು, ಏಕೆಂದರೆ ಸೀಮೆಗಳು ಬಂದದ್ದು ಮೊದಲನೆಯ ಭಾಗದಿಂದ.

ಆದರೆ ಅಳಿಯನನ್ನು ಕಡೆಗಣಿಸಬಾರದು. ರಾಜ್ಯಭಾರದಲ್ಲಿ ಮಾತು ನಡೆಯದ ಫ್ರಾನ್ಸ್ ಸ್ಟೀಫನ್ ಹಣಕಾಸಿನ ವ್ಯವಹಾರದಲ್ಲಿ ಗಟ್ಟಿಗನಾಗಿದ್ದ. ಜಮೀನು, ಕಾರ್ಖಾನೆ, ಸಾಲಪತ್ರಗಳಿಂದ ದೊಡ್ಡ ಸ್ವಯಾರ್ಜಿತ ಸಂಪತ್ತನ್ನು ಕೂಡಿಸಿದ. 1765ರಲ್ಲಿ ಆತ ತೀರಿಕೊಂಡ ಮೇಲೆ ಆ ಹಣದಿಂದಲೇ ಕುಟುಂಬದ ನಿರ್ವಹಣಾ ನಿಧಿ ಸ್ಥಾಪನೆಯಾಯಿತು. ಕಡತಪ್ರಿಯರು ಹೇಳಿದ 1919ರ ಮುಟ್ಟುಗೋಲಿನಲ್ಲಿ ಸೇರಿಹೋದದ್ದು ಈ ನಿಧಿಯೂ ಹೌದು. ಅದು ರಾಜ್ಯದ ಹಣವಲ್ಲ, ಪೂರ್ವಜನೊಬ್ಬನ ಸ್ವಂತ ಗಳಿಕೆ ಎಂದು ಕುಟುಂಬದವರು ಬಹುಕಾಲ ವಾದಿಸಿದರು. ನನ್ನ ಅಭಿಪ್ರಾಯದಲ್ಲಿ ಅವರ ವಾದಗಳಲ್ಲೆಲ್ಲ ಸ್ವಲ್ಪ ತೂಕವಿದ್ದದ್ದು ಇದೊಂದಕ್ಕೆ.

ಷೋನ್‌ಬ್ರುನ್ ತೋಟದ ಮೃಗಾಲಯವನ್ನು 1752ರಲ್ಲಿ ಆರಂಭಿಸಿದವನೂ ಈತನೇ. ಇಂದು ನಡೆಯುತ್ತಿರುವ ಮೃಗಾಲಯಗಳಲ್ಲಿ ಜಗತ್ತಿನಲ್ಲೇ ಹಳೆಯದು ಅದು. ಅಂದಿನ ಪ್ರಾಣಿಮನೆಗಳ ನಡುವೆ ಆತ ಕಟ್ಟಿಸಿದ ಎಂಟು ಮೂಲೆಯ ಮಂಟಪ ಈಗಲೂ ಇದೆ.

ಉತ್ತರ 3: ನೆಲಮಾಳಿಗೆ

ಮೂರನೆಯ ಪ್ರಶ್ನೆಗೆ ನನ್ನ ಉತ್ತರ: ನೊಯರ್ ಮಾರ್ಕ್ಟ್ ಚೌಕದಲ್ಲಿರುವ ಕಪುಚಿನ್ ಸಂನ್ಯಾಸಿಗಳ ಚರ್ಚಿನ ಕೆಳಗಿನ ಸಮಾಧಿಗೃಹ. ಅರಮನೆಗಳಲ್ಲಿ ಈ ಮನೆತನದವರು ಬೇರೆಯವರಿಗೆ ಹೇಗೆ ಕಾಣಬಯಸಿದರು ಎಂಬುದು ತಿಳಿಯುತ್ತದೆ. ಆದರೆ ಅವರು ತಮ್ಮನ್ನು ತಾವು ಏನೆಂದುಕೊಂಡಿದ್ದರು ಎಂಬುದು ತಿಳಿಯಬೇಕಾದರೆ ಕೆಳಗಿಳಿಯಬೇಕು.

ಚರ್ಚನ್ನು ಹೊರಗಿನಿಂದ ನೋಡಿದರೆ ಸಾದಾ ಕಟ್ಟಡ. ಚಕ್ರವರ್ತಿ ಮಥಿಯಾಸನ ಪತ್ನಿ ಅನ್ನಾ 1618ರಲ್ಲಿ ತೀರಿಕೊಳ್ಳುವ ಮೊದಲು ತಮ್ಮಿಬ್ಬರ ಸಮಾಧಿಗಾಗಿ ಹಣ ಎತ್ತಿಟ್ಟಿದ್ದಳು. ಇಬ್ಬರಿಗಾಗಿ ಆರಂಭವಾದ ಆ ಜಾಗದಲ್ಲಿ ಈಗ ಸುಮಾರು 150 ಮಂದಿ ಮಲಗಿದ್ದಾರೆ. ಅವರಲ್ಲಿ 12 ಚಕ್ರವರ್ತಿಗಳು, 18 ಚಕ್ರವರ್ತಿನಿಯರು. ಆರನೆಯ ಕಾರ್ಲ್‌ನ ಶವಪೆಟ್ಟಿಗೆಯ ಮುಂದೆ ಸ್ವಲ್ಪ ನಿಲ್ಲಿ. ಅದರ ಮೂಲೆಯಲ್ಲಿ ಲೋಹದ ತಲೆಬುರುಡೆಯೊಂದಿದೆ. ಬುರುಡೆಯ ಮೇಲೆ ಪವಿತ್ರ ರೋಮನ್ ಸಾಮ್ರಾಜ್ಯದ ಕಿರೀಟ, ಅದರ ಕಮಾನು ಶಿಲುಬೆಗಳ ಸಮೇತ, ಅಚ್ಚುಕಟ್ಟಾಗಿ ಕೂತಿದೆ. ವಂಶ ಮುಗಿಯುತ್ತದೆಂಬ ಭಯದಲ್ಲೇ ಬದುಕಿದವನ ಪೆಟ್ಟಿಗೆ ಅದು ಎಂದು ನೆನಪಿಟ್ಟುಕೊಂಡು ನೋಡಿ.

ಮುಂದಿನದು ಮರಿಯಾ ತೆರೇಸಾ ಮತ್ತು ಫ್ರಾನ್ಸ್ ಸ್ಟೀಫನ್‌ರ ಜೋಡಿ ಸಮಾಧಿ, ಬಾಲ್ತಸಾರ್ ಮೋಲ್ ಎಂಬ ಶಿಲ್ಪಿಯ ಕೆಲಸ. ಗಾತ್ರದಲ್ಲಿ ಅದು ಪೆಟ್ಟಿಗೆಯಲ್ಲ, ಒಂದು ಸಣ್ಣ ಕೋಣೆ. ಅಂತಿಮ ತೀರ್ಪಿನ ದಿನದ ತುತ್ತೂರಿ ಕೇಳಿ ಆಗತಾನೇ ಎಚ್ಚರಗೊಂಡವರಂತೆ ಗಂಡಹೆಂಡಿರು ಮುಚ್ಚಳದ ಮೇಲೆ ಅರ್ಧ ಎದ್ದು ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದಾರೆ. ಇಬ್ಬರೂ ಬದುಕಿದ್ದಾಗಲೇ ಮಾಡಿಸಿಕೊಂಡದ್ದು ಅದು. ಅದರ ಕಾಲಬುಡದಲ್ಲಿ ಯಾವ ಅಲಂಕಾರವೂ ಇಲ್ಲದ ತಾಮ್ರದ ಪೆಟ್ಟಿಗೆಯೊಂದಿದೆ. ಅದು ಅವರ ಮಗ ಎರಡನೆಯ ಯೋಸೆಫ್‌ನದು. ನೂರಾರು ಮಠಗಳನ್ನು ಮುಚ್ಚಿಸಿ, ಶವಸಂಸ್ಕಾರದ ಆಡಂಬರಕ್ಕೆ ಕಡಿವಾಣ ಹಾಕಿ, ಬೇಟೆಗೆ ಮೀಸಲಾಗಿದ್ದ ಪ್ರಾಟರ್ ಕಾಡನ್ನು 1766ರಲ್ಲಿ ಊರಿನ ಜನರಿಗೆ ತೆರೆದುಕೊಟ್ಟ ದೊರೆ ಈತ. ತಾಯಿ ಮಗನ ನಡುವೆ ಜೀವಮಾನವಿಡೀ ನಡೆದ ಜಗಳ ಅಲ್ಲಿ ಎರಡು ಪೆಟ್ಟಿಗೆಗಳ ರೂಪದಲ್ಲಿ ಮುಂದುವರಿದಂತೆ ಕಾಣುತ್ತದೆ.

ಆ ಕೋಣೆಯಲ್ಲೇ ರಾಜರಕ್ತವಿಲ್ಲದ ಒಬ್ಬಳೇ ಒಬ್ಬಳ ಸಮಾಧಿಯೂ ಇದೆ. ಮರಿಯಾ ತೆರೇಸಾಳನ್ನು ಬಾಲ್ಯದಲ್ಲಿ ಸಾಕಿ ಬೆಳೆಸಿದ ಕೌಂಟೆಸ್ ಫುಕ್ಸ್ 1754ರಲ್ಲಿ ತೀರಿಕೊಂಡಾಗ, ಆಕೆ ತನ್ನವರ ನಡುವೆಯೇ ಇರಬೇಕೆಂದು ರಾಣಿ ಹಟ ಹಿಡಿದು ಇಲ್ಲಿ ಮಣ್ಣು ಮಾಡಿಸಿದಳು. ಸಮಾಧಿಗೃಹದ ಅಷ್ಟೂ ಚಿನ್ನಾರಿ ಕೆಲಸಕ್ಕಿಂತ ನನಗೆ ಇದು ಹೆಚ್ಚು ಹಿಡಿಸಿತು.

ಕೊನೆಯ ಕೋಣೆಗಳಲ್ಲೊಂದರಲ್ಲಿ 1848ರಿಂದ 1916ರವರೆಗೆ ಆಳಿದ ಫ್ರಾನ್ಸ್ ಯೋಸೆಫ್ ನಡುವೆ ಎತ್ತರದಲ್ಲಿ, 1898ರಲ್ಲಿ ಜಿನೀವಾದಲ್ಲಿ ಇರಿತಕ್ಕೆ ಬಲಿಯಾದ ಪತ್ನಿ ಎಲಿಜಬೆತ್ ಒಂದು ಪಕ್ಕ, 1889ರಲ್ಲಿ ಮಾಯರ್ಲಿಂಗ್‌ನಲ್ಲಿ ಗುಂಡು ಹಾರಿಸಿಕೊಂಡು ಸತ್ತ ಮಗ ರುಡಾಲ್ಫ್ ಇನ್ನೊಂದು ಪಕ್ಕ. ಬದುಕಿದ್ದಾಗ ಮೂವರೂ ಒಂದೆಡೆ ನೆಮ್ಮದಿಯಾಗಿ ಕೂತದ್ದು ಅಪರೂಪ. ಎಲಿಜಬೆತ್‌ಳ ಬಳಿ ಹಂಗೇರಿಯ ಬಣ್ಣದ ರಿಬ್ಬನ್ ಕಟ್ಟಿದ ಹೂಗಳನ್ನು ಈಗಲೂ ಜನ ತಂದಿಡುತ್ತಾರೆ.

ಇನ್ನೊಂದು ವಿಚಿತ್ರ ಪದ್ಧತಿಯನ್ನೂ ತಿಳಿದಿರಿ. ಈ ಮನೆತನದ ಅನೇಕರ ದೇಹ ಕಪುಚಿನ್ನರಲ್ಲಿದ್ದರೆ, ಹೃದಯ ಆಗಸ್ಟಿನಿಯನ್ ಚರ್ಚಿನಲ್ಲೂ, ಕರುಳು ಮೊದಲಾದ ಅಂಗಗಳು ತಾಮ್ರದ ಪಾತ್ರೆಗಳಲ್ಲಿ ಸೇಂಟ್ ಸ್ಟೀಫನ್ ಪ್ರಧಾನ ಚರ್ಚಿನ ನೆಲಮಾಳಿಗೆಯಲ್ಲೂ ಇವೆ. ಮರಿಯಾ ತೆರೇಸಾ ಮದುವೆಯಾದ ಆ ಆಗಸ್ಟಿನಿಯನ್ ಚರ್ಚಿನಲ್ಲೇ, ಕಬ್ಬಿಣದ ಬಾಗಿಲೊಂದರ ಹಿಂದೆ, 54 ಹೃದಯಗಳು ಪುಟ್ಟ ಪಾತ್ರೆಗಳಲ್ಲಿ ಸಾಲಾಗಿ ಕೂತಿವೆ. 1654ರಲ್ಲಿ ತೀರಿಕೊಂಡ ನಾಲ್ಕನೆಯ ಫರ್ಡಿನಾಂಡ್ ತನ್ನ ಹೃದಯವನ್ನು ಅಲ್ಲಿನ ಮೇರಿ ಮಾತೆಯ ಪಾದದಲ್ಲಿಡಬೇಕೆಂದು ಬಯಸಿದ್ದರಿಂದ ಈ ಸಾಲು ಶುರುವಾಯಿತು. ಕೊನೆಯದು 1878ರಲ್ಲಿ ಸತ್ತ ಫ್ರಾನ್ಸ್ ಯೋಸೆಫನ ತಂದೆಯದು. ನೆಪೋಲಿಯನ್ನನ ಮಗನೂ ತಾಯಿಯ ಕಡೆಯಿಂದ ಹ್ಯಾಬ್ಸ್‌ಬರ್ಗ್ ಆದ್ದರಿಂದ ಕಪುಚಿನ್ನರಲ್ಲೇ ಮಣ್ಣಾದ. 1940ರಲ್ಲಿ ಹಿಟ್ಲರ್ ಆತನ ಶವಪೆಟ್ಟಿಗೆಯನ್ನು ಪ್ಯಾರಿಸ್‌ಗೆ ಕಳುಹಿಸಿದಾಗ ಹೃದಯವೂ ಕರುಳೂ ವಿಯೆನ್ನಾದಲ್ಲೇ ಉಳಿದುಬಿಟ್ಟವು.

ಹಳೆನಕಾಶೆ

ಮೂವರಿಗೂ ಕೃತಜ್ಞತೆಗಳು. ಮೊದಲ ದಿನ ಬೆಳಿಗ್ಗೆಯೇ ನೆಲಮಾಳಿಗೆಗೆ ಇಳಿಯುವುದೆಂದು ತೀರ್ಮಾನಿಸಿದ್ದೇನೆ. ಮತ್ತೆರಡು ಪುಟ್ಟ ಪ್ರಶ್ನೆಗಳಿವೆ. ಫ್ರಾನ್ಸ್ ಫರ್ಡಿನಾಂಡನ ಸಮಾಧಿಯೂ ಅಲ್ಲಿದೆಯೇ? ಹಾಗೆಯೇ, ಯುರೋಪಿನ ಬೇರೆ ಯಾವ ಮನೆತನದಲ್ಲೂ ಕಾಣದ 'ಆರ್ಚ್‌ಡ್ಯೂಕ್' ಎಂಬ ಪದವಿ ಇವರಿಗೆ ಮಾತ್ರ ಹೇಗೆ ಬಂತು? ಅದನ್ನು ಕೊಟ್ಟವರು ಯಾರು?

ಉತ್ತರ 4: ಖೊಟ್ಟಿ ಶಾಸನ

ಫ್ರಾನ್ಸ್ ಫರ್ಡಿನಾಂಡ್ ಅಲ್ಲಿಲ್ಲ. ಆತನ ಹೆಂಡತಿ ಸೋಫಿ ಕುಲೀನ ಮನೆಯವಳಾದರೂ ಆಳುವ ಮನೆತನಕ್ಕೆ ಸಮಾನಳಲ್ಲವೆಂದು ಆಸ್ಥಾನ ಪರಿಗಣಿಸಿತ್ತು. ಆಕೆಗೆ ಕಪುಚಿನ್ನರಲ್ಲಿ ಜಾಗ ಸಿಗದೆಂದು ಮೊದಲೇ ತಿಳಿದಿದ್ದ ಆತ ಆರ್ಟ್‌ಷ್ಟೆಟನ್ ಎಂಬಲ್ಲಿನ ತನ್ನ ಕೋಟೆಯಲ್ಲೇ ಇಬ್ಬರಿಗೂ ಸಮಾಧಿ ಸಿದ್ಧಮಾಡಿಸಿದ್ದ. ಅವರು ಗುಂಡೇಟು ತಿಂದ ಕಾರು, ಆತ ಅಂದು ತೊಟ್ಟಿದ್ದ ಸಮವಸ್ತ್ರ ಎರಡೂ ವಿಯೆನ್ನಾದ ಸೇನಾ ಇತಿಹಾಸ ಸಂಗ್ರಹಾಲಯದಲ್ಲಿವೆ.

ಇನ್ನು ಆರ್ಚ್‌ಡ್ಯೂಕ್ ಪದವಿ. ಅದನ್ನು ಕೊಟ್ಟವರು ಯಾರೂ ಇಲ್ಲ, ಅವರೇ ಬರೆದುಕೊಂಡರು. 1356ರಲ್ಲಿ ಚಕ್ರವರ್ತಿ ನಾಲ್ಕನೆಯ ಕಾರ್ಲ್, ರಾಜನನ್ನು ಆರಿಸುವ ಏಳು ಮಂದಿ ಯಾರೆಂದು ಶಾಸನ ಮಾಡಿದಾಗ ಆಸ್ಟ್ರಿಯಾದ ಡ್ಯೂಕ್‌ನ ಹೆಸರು ಅದರಲ್ಲಿರಲಿಲ್ಲ. ಆಗ ಆಸ್ಟ್ರಿಯಾವನ್ನು ಆಳಲಿದ್ದವನು ಅದೇ ಚಕ್ರವರ್ತಿಯ ಅಳಿಯ ನಾಲ್ಕನೆಯ ರುಡಾಲ್ಫ್, ಹದಿಹರೆಯದ ಹುಡುಗ. ಅವಮಾನ ತಾಳಲಾರದೆ ಆತ 1358-59ರಲ್ಲಿ ತನ್ನ ದಫ್ತರಖಾನೆಯಲ್ಲಿ ಹಳೆಯ ಸನ್ನದುಗಳ ಒಂದು ಕಟ್ಟನ್ನೇ ಸೃಷ್ಟಿಸಿಸಿದ. ಬಾಬೆನ್‌ಬರ್ಗ್‌ನವರಿಗೆ 1156ರಲ್ಲಿ ನಿಜವಾಗಿ ದೊರೆತಿದ್ದ ಶಾಸನವನ್ನು ಹಿಗ್ಗಿಸಿ ಬರೆಸಿದ್ದಲ್ಲದೆ, ಜೂಲಿಯಸ್ ಸೀಸರ್ ಮತ್ತು ನೀರೊ ಆಸ್ಟ್ರಿಯಾಕ್ಕೆ ವಿಶೇಷ ಹಕ್ಕುಗಳನ್ನು ಕೊಟ್ಟ ಪತ್ರಗಳನ್ನೂ ಸೇರಿಸಿಸಿದ. ಮಾವ ಅವನ್ನು ಕವಿ ಹಾಗೂ ವಿದ್ವಾಂಸ ಪೆಟ್ರಾರ್ಕ್‌ನಿಗೆ ತೋರಿಸಿದ. ಸೀಸರನ ಪತ್ರದ ಭಾಷೆಯೇ ಸೀಸರನದಲ್ಲ, ಇದು ಹೆಡ್ಡರ ಕೆಲಸ ಎಂಬರ್ಥದ ಉತ್ತರ 1361ರಲ್ಲಿ ಬಂತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸುಮಾರು ನೂರು ವರ್ಷದ ನಂತರ ಅದೇ ಮನೆತನದ ಮೂರನೆಯ ಫ್ರೆಡ್ರಿಕ್ ಚಕ್ರವರ್ತಿಯಾದ ಮೇಲೆ, 1453ರಲ್ಲಿ, ತನ್ನ ಪೂರ್ವಜ ಬರೆಸಿದ ಖೊಟ್ಟಿ ದಾಖಲೆಗೆ ತಾನೇ ಚಕ್ರವರ್ತಿಯ ಮುದ್ರೆ ಒತ್ತಿ ಸಿಂಧುಗೊಳಿಸಿದ. ಅಂದಿನಿಂದ 'ಆರ್ಚ್‌ಡ್ಯೂಕ್' ಕಾನೂನುಬದ್ಧ ಪದವಿ. ದಾಖಲೆಯಲ್ಲಿ ವರ್ಣಿಸಿದ್ದ ಪದವಿಗೆ ತಕ್ಕ ಕಿರೀಟವನ್ನೂ 1616ರಲ್ಲಿ ಮಾಡಿಸಲಾಯಿತು. ಅದು ಊರ ಪಕ್ಕದ ಕ್ಲೋಸ್ಟರ್‌ನಾಯ್‌ಬುರ್ಗ್ ಮಠದಲ್ಲಿದೆ. ಆದರೂ ರುಡಾಲ್ಫನನ್ನು ಬರೀ ಮೋಸಗಾರನೆಂದು ತಳ್ಳಿಹಾಕಲಾಗದು. ಇಪ್ಪತ್ತಾರು ತುಂಬುವ ಮೊದಲೇ ಸತ್ತ ಆ ಹುಡುಗ, ಮಾವನ ಪ್ರಾಗ್ ನಗರದ ಮೇಲಿನ ಪೈಪೋಟಿಯಿಂದಲೇ ಸೇಂಟ್ ಸ್ಟೀಫನ್ ಚರ್ಚಿನ ಹೊಸ ಕಟ್ಟಡಕ್ಕೆ 1359ರಲ್ಲಿ ಅಡಿಗಲ್ಲು ಹಾಕಿದ, 1365ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ. ಇವತ್ತಿನ ವಿಯೆನ್ನಾದ ಗುರುತಾಗಿರುವ 136 ಮೀಟರ್ ಎತ್ತರದ ದಕ್ಷಿಣ ಗೋಪುರಕ್ಕೂ ಆ ಖೊಟ್ಟಿ ಶಾಸನಕ್ಕೂ ಬೇರು ಒಂದೇ: ಮಾವನೆದುರು ಸಣ್ಣವನಾದೆನೆಂಬ ಕಿಚ್ಚು.

ಆದ್ದರಿಂದ ನನ್ನನ್ನು ಕೇಳಿದರೆ ನೆಲಮಾಳಿಗೆಯ ನಂತರ ಹೋಫ್‌ಬುರ್ಗ್‌ನ ಅತಿ ಹಳೆಯ ಭಾಗವಾದ ಸ್ವಿಸ್ ಅಂಗಳದಲ್ಲಿರುವ ರಾಜಭಂಡಾರಕ್ಕೆ ಹೋಗಿ. ಅಲ್ಲಿ ಎರಡು ಕಿರೀಟಗಳಿವೆ. ಒಂದು ಹತ್ತನೆಯ ಶತಮಾನದ್ದೆನ್ನಲಾದ ಪವಿತ್ರ ರೋಮನ್ ಸಾಮ್ರಾಜ್ಯದ ಕಿರೀಟ: ಗುಂಡಗಿರದೆ ಎಂಟು ಚಿನ್ನದ ಹಲಗೆಗಳನ್ನು ಕೀಲಿನಿಂದ ಜೋಡಿಸಿದ್ದು, ಬೆಳಕು ಹಾಯಲೆಂದು ಕಲ್ಲುಗಳ ಹಿಂದಿನ ಚಿನ್ನವನ್ನು ಕೊರೆದು ತೆಗೆದದ್ದು. ಇನ್ನೊಂದು ಎರಡನೆಯ ರುಡಾಲ್ಫ್ 1602ರಲ್ಲಿ ಪ್ರಾಗ್‌ನಲ್ಲಿ ಮಾಡಿಸಿಕೊಂಡ ಖಾಸಗಿ ಕಿರೀಟ. ನೆಪೋಲಿಯನ್ ಚಕ್ರವರ್ತಿಯಾಗುವ ಸುದ್ದಿ ತಿಳಿದು 1804ರಲ್ಲಿ ಅಂದಿನ ಪವಿತ್ರ ರೋಮನ್ ಚಕ್ರವರ್ತಿ ಫ್ರಾನ್ಸಿಸ್ ತನ್ನನ್ನು ಆಸ್ಟ್ರಿಯಾದ ಚಕ್ರವರ್ತಿಯೆಂದು ಘೋಷಿಸಿಕೊಂಡಾಗ, ಹೊಸ ಸಾಮ್ರಾಜ್ಯಕ್ಕೆ ಈ ಹಳೆಯ ಕಿರೀಟವನ್ನೇ ಗೊತ್ತುಮಾಡಲಾಯಿತು. ಎರಡು ವರ್ಷದ ಬಳಿಕ ಆತ ಪವಿತ್ರ ರೋಮನ್ ಸಾಮ್ರಾಜ್ಯವನ್ನೇ ವಿಸರ್ಜಿಸಿದ. 1804ರಿಂದ 1918ರವರೆಗಿನ 114 ವರ್ಷಗಳಲ್ಲಿ ಆಸ್ಟ್ರಿಯಾದ ಯಾವ ಚಕ್ರವರ್ತಿಗೂ ಆ ಕಿರೀಟದಿಂದ ಪಟ್ಟಾಭಿಷೇಕ ನಡೆಯಲಿಲ್ಲ. ಫ್ರಾನ್ಸ್ ಯೋಸೆಫ್ ಕಿರೀಟ ಧರಿಸಿ ಅಭಿಷೇಕ ಮಾಡಿಸಿಕೊಂಡದ್ದು 1867ರಲ್ಲಿ, ಹಂಗೇರಿಯ ರಾಜನಾಗಿ, ಹಂಗೇರಿಯ ಕಿರೀಟದಿಂದ.

ಅದೇ ಭಂಡಾರದಲ್ಲಿ ಚಕ್ರವರ್ತಿಗಳ ಅಭಿಷೇಕದ ನಿಲುವಂಗಿಯೂ ಇದೆ. ಕೆಂಪು ರೇಷ್ಮೆಯ ಮೇಲೆ ಚಿನ್ನದ ಎಳೆಯಲ್ಲಿ ಎರಡು ಸಿಂಹಗಳು ಒಂದೊಂದು ಒಂಟೆಯನ್ನು ಕೆಡವಿ ನಿಂತಿವೆ. ಕ್ರೈಸ್ತ ಚಕ್ರವರ್ತಿಗಳು ಶತಮಾನಗಳ ಕಾಲ ಹೆಗಲ ಮೇಲೆ ಹೊದ್ದ ಆ ಬಟ್ಟೆಯ ಅಂಚಿನುದ್ದಕ್ಕೂ ಇರುವ ಬರಹ ಅರಬ್ಬಿಯದು. ಸಿಸಿಲಿಯ ರಾಜ ಎರಡನೆಯ ರೋಜರ್‌ಗಾಗಿ ಪಲೆರ್ಮೊದಲ್ಲಿ ಹಿಜರಿ 528ರಲ್ಲಿ ನೇಯ್ದದ್ದೆಂದು ಅದರಲ್ಲೇ ಬರೆದಿದೆ. ಅದರ ಮುಂದೆ ಅರ್ಧ ಗಂಟೆ ಕಳೆದರೂ ನಷ್ಟವಿಲ್ಲ.

ಉತ್ತರ 5: ಕಡತಪ್ರಿಯ

ನೆಲಮಾಳಿಗೆಯವರ ಬರಹಕ್ಕೆ ಒಂದು ಸೇರ್ಪಡೆ. ಒಟ್ಟೊ 98ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, 2011ರ ಜುಲೈ 16ರಂದು, ಕಪುಚಿನ್ನರ ಬಾಗಿಲು ಬಡಿಯುವ ವಿಧಿ ನಡೆಯಿತು. ಮೊದಲ ಸಲ ಆತನ ವಂಶದ ಬಿರುದು ಬಾವಲಿಗಳನ್ನೆಲ್ಲ ಓದಿದಾಗ ಒಳಗಿನ ಸಂನ್ಯಾಸಿ ಇಂಥವನನ್ನು ನಾವರಿಯೆವು ಎಂದ. ಎರಡನೆಯ ಸಲ ಸಂಪಾದಿಸಿದ ಪದವಿ, ಪ್ರಶಸ್ತಿಗಳನ್ನು ಹೇಳಿದರೂ ಅದೇ ಉತ್ತರ. ಮೂರನೆಯ ಸಲ ಒಟ್ಟೊ ಎಂಬ ಪಾಪಿ ಮನುಷ್ಯ ಎಂದಾಗ ಬಾಗಿಲು ತೆರೆಯಿತು. 1989ರಲ್ಲಿ ಆತನ ತಾಯಿ ಝೀಟಾಳಿಗೂ ಹೀಗೆಯೇ ನಡೆದಿತ್ತು. ಬಿರುದುಗಳನ್ನು ಕಾನೂನು ನಿಷೇಧಿಸಿದ ದೇಶದಲ್ಲಿ ಅಷ್ಟನ್ನೂ ಬೀದಿಯಲ್ಲಿ ಗಟ್ಟಿಯಾಗಿ ಓದಲಾಯಿತು; ದಂಡ ಕಟ್ಟುವಂತೆ ಯಾರೂ ಕೇಳಿದ ಹಾಗಿಲ್ಲ.

ಕೊನೆಯ ಚಕ್ರವರ್ತಿ ಕಾರ್ಲ್ ಮಾತ್ರ ಅಲ್ಲಿ ಎದೆಮಟ್ಟದ ಪ್ರತಿಮೆಯಾಗಿ ಇದ್ದಾನೆ. 1921ರಲ್ಲಿ ಎರಡು ಸಲ ಹಂಗೇರಿಯ ಸಿಂಹಾಸನಕ್ಕಾಗಿ ಪ್ರಯತ್ನಿಸಿ ಸೋತ ಆತನನ್ನು ಮಡೈರಾ ದ್ವೀಪಕ್ಕೆ ಸಾಗಿಸಲಾಯಿತು. 1922ರ ಏಪ್ರಿಲ್ 1ರಂದು ಅಲ್ಲಿಯೇ ತೀರಿಕೊಂಡ, ದೇಹ ಇಂದಿಗೂ ಅಲ್ಲಿದೆ. ಹೃದಯವನ್ನು ಹೆಂಡತಿ ತನ್ನೊಡನೆ ಉಳಿಸಿಕೊಂಡಳು. ಈಗ ಇಬ್ಬರ ಹೃದಯಗಳೂ ಸ್ವಿಟ್ಜರ್‌ಲೆಂಡ್‌ನ ಆರ್ಗಾವ್ ಪ್ರಾಂತದ ಮುರಿ ಮಠದಲ್ಲಿವೆ. 1027ರಲ್ಲಿ ಆ ಮಠ ಕಟ್ಟಿಸಿದವರು ಈ ವಂಶದ ಆದಿಪುರುಷರಲ್ಲೊಬ್ಬನಾದ ರಾಡ್‌ಬೋಟ್ ಮತ್ತು ಅವನ ಹೆಂಡತಿ ಈಡಾ. ಮನೆಅಳಿಯರು ಗಮನಿಸಬೇಕು, ಈಡಾ ಲೊರೇನ್‌ನವಳು. ಮನೆತನಕ್ಕೆ ಹೆಸರು ಕೊಟ್ಟ ಹ್ಯಾಬ್ಸ್‌ಬರ್ಗ್ ಕೋಟೆಯೂ ಅದೇ ಪ್ರಾಂತದಲ್ಲಿದೆ. ಅದನ್ನು ಇವರಿಂದ ಕಸಿದುಕೊಂಡವರು ಗಣರಾಜ್ಯದವರಲ್ಲ. 1415ರಲ್ಲೇ ಅದು ಬರ್ನ್ ನಗರದ ಪಾಲಾಗಿತ್ತು.